ಮೇಲಿನ ಮನೆಯ ಗ್ರೈಂಡರ್, ಕೆಳಗಿನ ಮನೆಯ ನಿದ್ದೆ

ಪ್ರಶ್ನೆ: ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ, ಕೆಳಗಿನ ಮನೆ. ಮೇಲಿನವರದ್ದು ದೋಸೆ ಗಾಡಿ. ದಿನಾ ರಾತ್ರಿ 11ಕ್ಕೆ ಗ್ರೈಂಡರ್ ಹಾಕಿದರೆ ಒಂದು ಗಂಟೆ ನಿಲ್ಲೋದಿಲ್ಲ. ಗೋಡೆ ಗುಂಯ್ ಅನ್ನುತ್ತದೆ. ಮಗಳು ಬೆಳಗ್ಗೆ 5ಕ್ಕೆ ಎದ್ದು ಓದುವವಳು. ಒಂದು ರಾತ್ರಿ ಕೂಗಿ ಹೇಳಿದ್ದಕ್ಕೆ ‘ನಮ್ಮ ಹೊಟ್ಟೆ ಮೇಲೆ ಹೊಡೀಬೇಡ್ರಿ’ ಅಂದರು. ಓನರ್ ಇರೋದು ಹರಿಹರದಲ್ಲಿ, ಬಾಡಿಗೆ ದಿನ ಬಿಟ್ಟು ಫೋನ್ ಎತ್ತೋದಿಲ್ಲ. ಪೊಲೀಸರಿಗೆ ಹೇಳಲಾ?
– ನಿದ್ದೆಗೆಟ್ಟವಳು

ಉತ್ತರ: ಅಕ್ಕಾ, ಪೊಲೀಸ್ ಆಮೇಲೆ. ಅವರು 11ಕ್ಕೇ ಯಾಕೆ ರುಬ್ಬುತ್ತಾರೆ, ಅದನ್ನು ಮೊದಲು ನೋಡೋಣ. ನಮ್ಮೂರ ಸೆಕೆಯಲ್ಲಿ ಸಂಜೆಗೇ ರುಬ್ಬಿಟ್ಟರೆ ಬೆಳಗಾಗೋದರೊಳಗೆ ಹಿಟ್ಟು ಪಾತ್ರೆಯಿಂದ ಉಕ್ಕಿ ಹುಳಿ ಹಿಡಿಯುತ್ತದೆ, ಆಮೇಲೆ ಎಷ್ಟು ಬೆಣ್ಣೆ ಸುರಿದರೂ ಗಿರಾಕಿ ಮುಖ ಹಿಂಡುತ್ತಾನೆ. ಅವರಿಗೆ ಆ ಭಯ. ನಿಮಗೆ ನಿದ್ದೆ ಕೆಡಿಸಬೇಕು ಅಂತ ಯಾರೂ ಕರೆಂಟ್ ಬಿಲ್ ಕಟ್ಟೋದಿಲ್ಲ.

ಇದಕ್ಕೆ ದಾರಿ ಇದೆ. 9ರೊಳಗೆ ರುಬ್ಬಲಿ. ಐಸ್ ನೀರು ಹಾಕಿ ರುಬ್ಬಿದರೆ ಹಿಟ್ಟು ಬಿಸಿ ಆಗೋದಿಲ್ಲ, ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು ಮಲಗುವಾಗ ಹೊರಗೆ ತೆಗೆದರೆ ಹುಳಿಯೂ ತಡವಾಗಿ ಬರುತ್ತದೆ. ಚಳಿಗಾಲದಲ್ಲಂತೂ ಹಿಟ್ಟು ಹುದುಗೋಕೆ ಜಾಸ್ತಿ ಹೊತ್ತು ಬೇಕು, ಬೇಗ ರುಬ್ಬಿದರೆ ಅವರಿಗೇ ಒಳ್ಳೆಯದು.

ಇನ್ನು ಸದ್ದು. ಇದು ಗಾಳಿಯಲ್ಲಿ ಬರೋದಕ್ಕಿಂತ ಜಾಸ್ತಿ ನೆಲದಲ್ಲಿ ಇಳಿಯುತ್ತದೆ. ಮೋಟಾರಿನ ನಡುಕ ಗ್ರೈಂಡರಿನ ಕಾಲಿನಿಂದ ತಾರಸಿಗೆ, ತಾರಸಿಯಿಂದ ನಿಮ್ಮ ಗೋಡೆಗೆ. ಅದಕ್ಕೇ ಕಿಟಕಿ ಮುಚ್ಚಿದರೂ ಕಿವಿಗೆ ಹತ್ತಿ ಇಟ್ಟರೂ ಪ್ರಯೋಜನ ಅಷ್ಟಕ್ಕಷ್ಟೇ. ಗ್ರೈಂಡರಿನ ಕಾಲಿನ ರಬ್ಬರ್ ಸವೆದಿದೆಯಾ ನೋಡಿಸಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಎರಡು ಮಡಿಕೆ ಹಾಕಿಸಿ, ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಸಿ. ಮಗಳು ಮಲಗುವ ಕೋಣೆಯ ಮೇಲೇ ಇದ್ದರೆ ಬೇರೆ ಮೂಲೆಗೆ. ಮ್ಯಾಟ್ ನೀವೇ ತಂದುಕೊಡಿ ಅಕ್ಕಾ, ಯಾಕೆ ನಾನು ಕೊಡಬೇಕು ಅನ್ನಬೇಡಿ. ವಸ್ತು ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಹೇಳೋದು ರಾತ್ರಿ ಬೇಡ. ಗಾಡಿ ಮುಗಿಸಿ ಬಂದು ಒಂದು ನಿದ್ದೆ ಮಾಡಿ ಎದ್ದಿರುತ್ತಾರಲ್ಲ, ಸಂಜೆ ನಾಲ್ಕರ ಸುಮಾರಿಗೆ ಹೋಗಿ. ಸೂರಿಗೆ ಗುದ್ದೋದಂತೂ ಬೇಡವೇ ಬೇಡ. ಚಿತ್ರದುರ್ಗದ ವಠಾರದಲ್ಲಿದ್ದಾಗ ನಾನು ಸಿಟ್ಟಿಗೆ ಕೋಲು ತಗೊಂಡು ಮೇಲಕ್ಕೆ ಗುದ್ದಿದ್ದೆ. ಮೇಲಿನವರಿಗೆ ಏನೂ ಕೇಳಿಸಲಿಲ್ಲ, ಸುಣ್ಣದ ಚಕ್ಕೆ ನನ್ನ ಸಾರಿನ ಪಾತ್ರೆಗೆ ಬಿತ್ತು.

ಇಷ್ಟಾದರೂ ಕೇಳದಿದ್ದರೆ ದಿನ, ಹೊತ್ತು ಬರೆದಿಟ್ಟುಕೊಂಡು ಓನರ್‌ಗೆ ವಾಟ್ಸಾಪ್ ಮಾಡಿ. ಬಾಡಿಗೆ ದಿನ ಹೇಗೂ ಫೋನ್ ಎತ್ತುತ್ತಾರಲ್ವಾ, ಆವತ್ತೇ ಮಾತು ತೆಗೆಯಿರಿ. ಠಾಣೆ ಕೊನೆಗೆ. ಪೊಲೀಸರು ಬಂದು ಒಂದು ರಾತ್ರಿ ನಿಲ್ಲಿಸಿ ಹೋಗುತ್ತಾರೆ, ಮೆಟ್ಟಿಲ ಹತ್ತಿರ ದಿನಾ ಮುಖ ನೋಡಬೇಕಾದವರು ನೀವು.

ಪ್ರಶ್ನೆ: ಚಿತ್ರದುರ್ಗದಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಪಕ್ಕದ ರೂಮಿನ ಹುಡುಗರು ರಾತ್ರಿ 12ರವರೆಗೂ ಸ್ಪೀಕರ್ ಹಾಕುತ್ತಾರೆ. ಎರಡು ಸಲ ಹೇಳಿದೆ, ನಕ್ಕರು.
– ನರ್ಸಿಂಗ್ ವಿದ್ಯಾರ್ಥಿ

ಉತ್ತರ: ತಮ್ಮಾ, ಇಲ್ಲಿ ಯಾರ ಹೊಟ್ಟೆಪಾಡೂ ಇಲ್ಲ, ಹಾಗಾಗಿ ಇಷ್ಟು ತಾಳ್ಮೆ ಬೇಡ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ಜನ ವಾಸ ಮಾಡುವ ಕಡೆ ಮಿತಿ 45 ಡೆಸಿಬಲ್. ನಾವು ಎದುರುಬದುರು ಕೂತು ಆಡುವ ಮಾತೇ ಸುಮಾರು 60 ಇರುತ್ತದೆ, ಸ್ಪೀಕರ್ ಲೆಕ್ಕ ನೀನೇ ಹಾಕು. ಓನರ್‌ಗೆ ಒಂದು ಮಾತು ಹೇಳು, ಮತ್ತೆ ಶುರುವಾದರೆ 112ಕ್ಕೆ ಫೋನ್ ಮಾಡು. ಸದ್ದು ಇರುವಾಗಲೇ ಮಾಡು, ಬೆಳಗ್ಗೆ ಎದ್ದು ಹೇಳಿದರೆ ಅವರು ಮಲಗಿರುತ್ತಾರೆ.