ಮನುಷ್ಯರನ್ನು ಜಾಂಬಿಗಳನ್ನಾಗಿ ಮಾಡುವ ವೈರಸ್ ನಿಜವಾಗಿಯೂ ಬರಬಹುದೇ?

ಸತ್ತವರನ್ನು ಎಬ್ಬಿಸಿ ಓಡಾಡಿಸುವ ವೈರಸ್ ಬರಲು ಸಾಧ್ಯವಿಲ್ಲ. ವೈರಸ್‌ಗೆ ಸ್ವಂತ ಶಕ್ತಿ ಇಲ್ಲ. ಜೀವಂತ ಕೋಶದೊಳಗೆ ಹೊಕ್ಕು, ಅದರ ಸಲಕರಣೆಗಳನ್ನೇ ಬಳಸಿ ತನ್ನ ನಕಲು ಮಾಡಿಕೊಳ್ಳುತ್ತದೆ. ರಕ್ತಸಂಚಾರ ನಿಂತ ಮೇಲೆ ಸ್ನಾಯುಗಳಿಗೆ ಆಮ್ಲಜನಕವೇ ಸಿಗದು, ನಡೆಯುವ ಮಾತೆಲ್ಲಿ?

ಕಥೆಯ ಜಾಂಬಿಗೆ ತೀರಾ ಹತ್ತಿರ ಬರುವುದು ರೇಬೀಸ್. ಕಚ್ಚಿದ ಗಾಯದಿಂದ ಒಳಹೊಕ್ಕ ವೈರಸ್ ನರಗಳ ಗುಂಟ ನಿಧಾನವಾಗಿ ಮಿದುಳು ತಲುಪುತ್ತದೆ, ಅಲ್ಲಿಂದ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ರೋಗಿ ಕೆರಳುತ್ತಾನೆ, ಗೊಂದಲಕ್ಕೆ ಬೀಳುತ್ತಾನೆ. ನೀರಿನ ಲೋಟ ಬಾಯಿಯ ಬಳಿ ತಂದರೆ ಸಾಕು, ಗಂಟಲು ಸೆಟೆದುಕೊಳ್ಳುತ್ತದೆ. ನುಂಗಲಾಗದೆ ಸುರಿಯುವ ಜೊಲ್ಲಿನಲ್ಲೂ ವೈರಸ್ ಇರುತ್ತದೆ. ಆದರೂ ಇದು ಊರಿಗೆ ಊರನ್ನೇ ಆವರಿಸುವುದಿಲ್ಲ. ಲಕ್ಷಣ ಕಾಣಲು ಸಾಮಾನ್ಯವಾಗಿ 2–3 ತಿಂಗಳು ಹಿಡಿಯುತ್ತದೆ, ಕಂಡ ಮೇಲೆ ರೋಗಿ ಬದುಕುವುದು ಕೆಲವೇ ದಿನ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಂತೂ ಬಹಳ ಅಪರೂಪ.

ನನಗೆ ಹೆಚ್ಚು ಭಯವಿರುವುದು ಉಸಿರಿನಲ್ಲಿ ಹರಡುವ ವೈರಸ್‌ಗಳ ಬಗ್ಗೆ. 1918ರ ಫ್ಲೂ ಕೆಮ್ಮು, ಸೀನುಗಳಲ್ಲೇ ಜಗತ್ತು ಸುತ್ತಿ ಕೋಟ್ಯಂತರ ಜನರನ್ನು ಕೊಂದಿತು. ರೇಬೀಸ್‌ಗಾದರೆ 1885ರಿಂದಲೂ ಲಸಿಕೆ ಇದೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ತಡಮಾಡದೆ ವೈದ್ಯರ ಬಳಿ ಹೋಗಿ ಲಸಿಕೆ ಶುರು ಮಾಡಿಸಿ. ಲಕ್ಷಣ ಶುರುವಾದ ಮೇಲೆ ಅದು ಕೆಲಸಕ್ಕೆ ಬಾರದು.