ಮಾಡದ ಸ್ಟೆಪ್‌ಗೆ ಸೈನ್ ಹಾಕು ಅಂತ ಸೂಪರ್‌ವೈಸರ್ ಹೇಳಿದರೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಶಿಡ್ಲಘಟ್ಟದವರು, ದೇವನಹಳ್ಳಿ ಕಡೆ ವಿಮಾನ ರಿಪೇರಿ ಮಾಡುವ ಹ್ಯಾಂಗರ್ ಒಂದರಲ್ಲಿ ಹೊಸದಾಗಿ ಟೆಕ್ನಿಷಿಯನ್ ಆಗಿ ಸೇರಿದ್ದೀರಿ. ನೈಟ್ ಶಿಫ್ಟ್‌ನಲ್ಲಿ ಟಾಸ್ಕ್ ಕಾರ್ಡ್‌ನ (ಮಾಡಬೇಕಾದ ಕೆಲಸವನ್ನು ಹಂತ ಹಂತವಾಗಿ ಬರೆದ ಹಾಳೆ) ಕೆಲವು ಸ್ಟೆಪ್ ಮಾಡದಿದ್ದರೂ ಸೈನ್ ಹಾಕು ಅಂತ ಸೂಪರ್‌ವೈಸರ್ ಹೇಳುತ್ತಾರೆ. ಎಲ್ಲರೂ ಹಾಕುತ್ತಾರೆ. ನಾನೊಬ್ಬ ಆಗಲ್ಲ ಅನ್ನುವುದು ಹೇಗೆ?

ಹಾಕಬೇಡಿ. ಆದರೆ ಬಾಯಲ್ಲಿ ಜಗಳಕ್ಕೂ ಇಳಿಯಬೇಡಿ. ಕಾರ್ಡ್ ಮೇಲೆ ಬರೆಯಿರಿ.

ನಾನು ಚಿಕ್ಕಬಳ್ಳಾಪುರದವನು. ಇದೇ ಕೆಲಸ ಮಾಡುವವನು. ನಿಮ್ಮ ಭಯ ಸುಳ್ಳಲ್ಲ ಅಂತ ಗೊತ್ತು. ನಮ್ಮ ಕಡೆ ಎಎಂಇ (ವಿಮಾನ ನಿರ್ವಹಣೆಯ ಎಂಜಿನಿಯರ್) ಕೋರ್ಸ್ ಅಂದರೆ ಸಾಲ. ರೇಷ್ಮೆ, ದ್ರಾಕ್ಷಿ ನಂಬಿಕೊಂಡ ಮನೆಯವರು ಲಕ್ಷಗಟ್ಟಲೆ ಹೊಂದಿಸಿ ಓದಿಸಿರುತ್ತಾರೆ. ಮಗ ಏರ್‌ಪೋರ್ಟ್‌ನಲ್ಲಿದ್ದಾನೆ ಅಂತ ಊರಿಗೆಲ್ಲ ಹೇಳಿರುತ್ತಾರೆ. ಕೆಲಸ ಹೋದರೆ ಏನು ಗತಿ ಅನ್ನುವ ಯೋಚನೆ, ಸೂಪರ್‌ವೈಸರ್ ಬಾಯಿ ತೆರೆಯುವ ಮೊದಲೇ ತಲೆಯಲ್ಲಿ ಕೂತಿರುತ್ತದೆ.

ಹಿಂದೆ ನಾನಿದ್ದ ಕಡೆ ಒಂದು ರಾತ್ರಿ ಮೇನ್ ವೀಲ್ ಬದಲಾಯಿಸುತ್ತಿದ್ದೆವು. ವಿಮಾನ ಬೆಳಗಿನ ಮೊದಲ ಟ್ರಿಪ್‌ಗೆ ಹೋಗಬೇಕಿತ್ತು. ಚಕ್ರ ಹಿಡಿದಿಡುವ ಆಕ್ಸಲ್ ನಟ್ಟನ್ನು ಸುಮ್ನೆ ಬಿಗಿ ಮಾಡಿಬಿಟ್ಟರೆ ಆಗಲ್ಲ. ಚಕ್ರ ತಿರುಗಿಸುತ್ತಾ ಮೊದಲು ಜಾಸ್ತಿ ಟಾರ್ಕ್ (ತಿರುಚಿ ಬಿಗಿಯುವ ಬಲ) ಕೊಡಬೇಕು, ಬೇರಿಂಗ್ ಸರಿಯಾಗಿ ಕೂರಲಿ ಅಂತ. ಆಮೇಲೆ ಸಡಿಲಿಸಿ, ಕಡಿಮೆ ಟಾರ್ಕ್‌ಗೆ ಮತ್ತೆ ಬಿಗಿ ಮಾಡಿ, ಲಾಕ್ ಹಾಕಬೇಕು. ಆ ಬಲ ಅಳೆಯುವ ಟಾರ್ಕ್ ವ್ರೆಂಚ್ ಮೇಲಿನ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಿದ) ಸ್ಟಿಕ್ಕರ್ ನೋಡಿದರೆ ತಾರೀಖು ಮುಗಿದಿತ್ತು. ಇನ್ನೊಂದು ವ್ರೆಂಚ್ ದೂರದಲ್ಲಿ, ಬೇರೆ ವಿಮಾನ ನಿಲ್ಲಿಸುವ ಜಾಗದಲ್ಲಿತ್ತು. "ಇಷ್ಟು ವರ್ಷದ ಕೈ, ಗೊತ್ತಾಗಲ್ವಾ? ಬಿಗಿ ಮಾಡಿ ಸೈನ್ ಹಾಕು" ಅಂದರು ಸೂಪರ್‌ವೈಸರ್. ನಾನು ವಾದ ಮಾಡಲಿಲ್ಲ. "ಟಾರ್ಕ್ ಸ್ಟೆಪ್ ಓಪನ್, ವ್ರೆಂಚ್ ಡ್ಯೂ ಮುಗಿದಿದೆ ಅಂತ ಬರೆಯುತ್ತೇನೆ ಸರ್. ಇದರಲ್ಲೇ ಮಾಡಬೇಕು ಅಂದರೆ ನೀವೇ ಬರೆದು ಸೈನ್ ಹಾಕಿಕೊಡಿ" ಅಂದೆ. ಅವರು ಬರೆಯಲಿಲ್ಲ. ಅಲ್ಲಿಗೆ ಆಳು ಕಳಿಸಿ ವ್ರೆಂಚ್ ತರಿಸಿದರು. ಫ್ಲೈಟ್ ತಡವಾಯಿತು. ಸ್ವಲ್ಪ ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಅಷ್ಟೇ ಆಗಿದ್ದು.

ಬಾಯಿ ಮಾತಿಗೆ ಬೆಲೆ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1990ರ ಬ್ರಿಟಿಷ್ ಏರ್‌ವೇಸ್ ಫ್ಲೈಟ್ 5390ರ ಅವಘಡ ನೋಡಿ. ಕಾಕ್‌ಪಿಟ್‌ನ ಮುಂದಿನ ಗಾಜು (ವಿಂಡ್‌ಸ್ಕ್ರೀನ್) ಬದಲಾಯಿಸಿದ್ದು ಶಿಫ್ಟ್ ಮ್ಯಾನೇಜರ್ ಸ್ವತಃ. ರಾತ್ರಿ ಪಾಳಿ, ಜನ ಕಡಿಮೆ. ಪಾರ್ಟ್ ನಂಬರ್ ಪುಸ್ತಕದಲ್ಲಿ ನೋಡದೆ, ಹಳೆ ಬೋಲ್ಟ್ ಹಿಡಿದು ಕಣ್ಣಳತೆಯಲ್ಲಿ ಹೊಸದನ್ನು ಆರಿಸಿದರು. ಅಲ್ಲಿಗೆ ಯಾವ ಬೋಲ್ಟ್ ಬರುತ್ತದೆ ಅಂತ ಸ್ಟೋರ್‌ನವರು ಹೇಳಿದ್ದರು. ಆ ಮಾತು ಅಲ್ಲಿಗೇ ನಿಂತಿತು. 90 ಬೋಲ್ಟ್‌ಗಳಲ್ಲಿ 84 ಸಣ್ಣ ವ್ಯಾಸದವು. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. 17,300 ಅಡಿ ಎತ್ತರದಲ್ಲಿ ಗಾಜು ಕಿತ್ತುಹೋಯಿತು, ಕ್ಯಾಪ್ಟನ್ ಅರ್ಧ ದೇಹ ಹೊರಗೆ. ಕ್ಯಾಬಿನ್ ಸಿಬ್ಬಂದಿ ಕಾಲು ಹಿಡಿದುಕೊಂಡಿದ್ದರು, ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದ್ದು ದೊಡ್ಡ ಪುಣ್ಯ. ಆ ಮ್ಯಾನೇಜರ್ ಸೋಮಾರಿಯಲ್ಲ, ಕೆಟ್ಟವರೂ ಅಲ್ಲ. ಬೆಳಗಾಗುವುದರೊಳಗೆ ವಿಮಾನ ರೆಡಿ ಆಗಲಿ ಅಂತ ತಾವೇ ಮೈ ಬಗ್ಗಿಸಿದವರು.

"ಎಲ್ಲರೂ ಹಾಗೇ ಮಾಡುತ್ತಾರೆ" ಅನ್ನುವ ಮಾತಿಗೆ ಉತ್ತರ 1979ರ ಶಿಕಾಗೋ ವಿಮಾನ ದುರಂತ. ಡಿಸಿ-10ರ ಎಂಜಿನ್ ಮೊದಲು ಬಿಚ್ಚಿ ಆಮೇಲೆ ಪೈಲಾನ್ (ಎಂಜಿನ್ನನ್ನು ರೆಕ್ಕೆಗೆ ಹಿಡಿದಿಡುವ ಭಾಗ) ಬಿಚ್ಚಿ ಅಂತ ತಯಾರಕರು ಹೇಳಿದ್ದರು. ಅಮೆರಿಕನ್ ಏರ್‌ಲೈನ್ಸ್‌ನವರು ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್‌ನಲ್ಲಿ ಇಳಿಸುತ್ತಿದ್ದರು. ಒಂದು ವಿಮಾನಕ್ಕೆ ಸುಮಾರು 200 ಮ್ಯಾನ್ ಅವರ್ ಉಳಿತಾಯ. ಹಾಗೆ ಮಾಡುವಾಗ ಪೈಲಾನ್‌ನಲ್ಲಿ ಬಿರುಕು ಬಿದ್ದಿತ್ತು. ಟೇಕಾಫ್ ಹೊತ್ತಿಗೆ ಎಂಜಿನ್ ಕಳಚಿಬಿತ್ತು. 273 ಜನ ಸತ್ತರು.

ನಿಮ್ಮ ಸೂಪರ್‌ವೈಸರ್ ಮೇಲೂ ಮೆಂಟೆನೆನ್ಸ್ ಕಂಟ್ರೋಲ್‌ನಿಂದ (ಯಾವ ವಿಮಾನ ಯಾವಾಗ ರೆಡಿ ಆಗುತ್ತದೆ ಅಂತ ನೋಡಿಕೊಳ್ಳುವವರು) ಫೋನ್ ಮೇಲೆ ಫೋನ್ ಬರುತ್ತಿರುತ್ತದೆ. ಅದಕ್ಕೇ ಅವರಿಗೆ ಹೇಳುವಾಗ ಮರ್ಯಾದೆಯಿಂದ, ಒಬ್ಬರೇ ಇದ್ದಾಗ ಹೇಳಿ. ಉಳಿದ ಸ್ಟೆಪ್ ಯಾವುದು, ಯಾಕೆ ಉಳಿಯಿತು ಅಂತ ಕಾರ್ಡ್‌ನಲ್ಲೂ ಶಿಫ್ಟ್ ಹ್ಯಾಂಡೋವರ್‌ನಲ್ಲೂ ಬರೆಯಿರಿ. ಮುಂದಿನ ಶಿಫ್ಟ್‌ನವನು ಆಗಿದೆ ಅಂದುಕೊಂಡು ಪ್ಯಾನಲ್ ಮುಚ್ಚಿಬಿಡಬಾರದು ಅಲ್ವಾ? ಅಷ್ಟಾದರೂ ಬಿಡದಿದ್ದರೆ ಕ್ವಾಲಿಟಿಯವರ ಹತ್ತಿರ ಹೋಗಿ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ಸಿಎಆರ್ 145 (ವಿಮಾನ ನಿರ್ವಹಣಾ ಸಂಸ್ಥೆಗಳ ನಿಯಮ) ಅನುಮತಿ ಇರುವ ಸಂಸ್ಥೆಯಲ್ಲಿ ಕ್ವಾಲಿಟಿ ವಿಭಾಗ ನಿಮ್ಮ ಸೂಪರ್‌ವೈಸರ್ ಕೈಕೆಳಗೆ ಇರುವುದಿಲ್ಲ, ಅದರ ದಾರಿ ನೇರವಾಗಿ ಅಕೌಂಟಬಲ್ ಮ್ಯಾನೇಜರ್‌ಗೆ, ಅಂದರೆ ಸಂಸ್ಥೆಯ ಪೂರ್ತಿ ಹೊಣೆ ಹೊತ್ತವರಿಗೆ. ತಪ್ಪು ಹೇಳಿಕೊಳ್ಳಲು ಒಳಗಿನ ರಿಪೋರ್ಟಿಂಗ್ ವ್ಯವಸ್ಥೆಯೂ ಇರಲೇಬೇಕು.

ಇನ್ನೊಂದು ಮಾತು, ಹೊಸಬರಿಗೆ ಯಾರೂ ಹೇಳಲ್ಲ. ಸೂಪರ್‌ವೈಸರ್ ಕೈಯಲ್ಲಿರುವ ನಿಜವಾದ ಹಿಡಿತ ನಿಮ್ಮ ಲಾಗ್‌ಬುಕ್. ಲೈಸೆನ್ಸ್‌ಗೆ ಅನುಭವದ ದಾಖಲೆ ಬೇಕು, ಅದಕ್ಕೆ ಸೈನ್ ಬೇಕು. ತಿಂಗಳುಗಟ್ಟಲೆ ಬಾಕಿ ಇಟ್ಟರೆ ಒಬ್ಬರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆಯಾ ಕೆಲಸ ಮುಗಿದ ಹಾಗೆ, ಅದನ್ನು ನೋಡಿದ ಲೈಸೆನ್ಸ್ ಇರುವ ಎಂಜಿನಿಯರ್ ಹತ್ತಿರ ಆಗಿಂದಾಗಲೇ ಸೈನ್ ಮಾಡಿಸಿಕೊಳ್ಳಿ. ಈ ವಾರದಿಂದಲೇ ಶುರು ಮಾಡಿ.