ಗೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದಿನಾಂಕದ ಬದಲು ‘ವೈವೈವೈವೈ-ಎಂಎಂ-ಡಿಡಿ’ ಎಂದೇ ಪ್ರಿಂಟ್ ಆಗುವುದೇಕೆ?
ವರ್ಷ, ತಿಂಗಳು, ದಿನವನ್ನು ಸೂಚಿಸುವ ಆ ಅಕ್ಷರಗಳನ್ನು (YYYY-MM-DD) ಗೋ ಗುರುತಿಸುವುದೇ ಇಲ್ಲ, ಇದ್ದ ಹಾಗೇ ಪ್ರಿಂಟ್ ಮಾಡುತ್ತದೆ. ಅದಕ್ಕೆ ಬೇಕಾದದ್ದು ಒಂದು ಮಾದರಿ ದಿನಾಂಕ: 2006ರ ಜನವರಿ 2, ಮಧ್ಯಾಹ್ನ 3:04:05. ಆ ಕ್ಷಣ ನಿಮಗೆ ಹೇಗೆ ಕಾಣಬೇಕೋ ಹಾಗೆ ಬರೆದುಕೊಟ್ಟರೆ ಸಾಕು. ನಿಮಗೆ ಬೇಕಿರುವುದು ‘2006-01-02’. ಸಮಯವೂ ಬೇಕಿದ್ದರೆ ‘2006-01-02 15:04:05’.

ನೆನಪಿಡಲು: 1 ತಿಂಗಳು, 2 ದಿನ, 3 ಗಂಟೆ, 4 ನಿಮಿಷ, 5 ಸೆಕೆಂಡ್, 6 ವರ್ಷ, 7 ಟೈಮ್‌ಝೋನ್ (-0700). ಅಮೆರಿಕದ ಕ್ರಮ, ತಿಂಗಳು ಮೊದಲು. ನಮ್ಮಲ್ಲಿ ಹಲವರು ಎಡವುವುದು ಇಲ್ಲೇ. 24 ಗಂಟೆಯ ಗಡಿಯಾರಕ್ಕೆ 15, 12 ಗಂಟೆಯದಕ್ಕೆ 03 ಮತ್ತು ಪಿಎಂ.

ಬೇರೆ ದಿನಾಂಕವನ್ನು ಮಾದರಿಯಾಗಿ ಕೊಟ್ಟರೆ ಎರರ್ ಬರುವುದಿಲ್ಲ, ಕಸ ಬರುತ್ತದೆ. ‘2024-08-15’ ಕೊಟ್ಟು 2025ರ ನವೆಂಬರ್ 23, ಬೆಳಿಗ್ಗೆ 9:47 ಅನ್ನು ಫಾರ್ಮ್ಯಾಟ್ ಮಾಡಿದರೆ ಸಿಗುವುದು ‘232347-08-09’: ಮೊದಲ 2 ಎಂಬುದು ‘ದಿನ’ ಎಂದಾಯಿತು, 02 ಮತ್ತೆ ದಿನ, 4 ನಿಮಿಷ, 15 ಗಂಟೆ, 08ಕ್ಕೆ ಅರ್ಥವಿಲ್ಲ, ಹಾಗೇ ಉಳಿಯಿತು. ಗೋ 1.20ರಿಂದ ಟೈಮ್ ಪ್ಯಾಕೇಜಿನಲ್ಲಿ ಡೇಟ್‌ಓನ್ಲಿ (DateOnly), ಡೇಟ್‌ಟೈಮ್ (DateTime) ಎಂಬ ಸಿದ್ಧ ಸ್ಥಿರಾಂಕಗಳಿವೆ, ಅವನ್ನೇ ಬಳಸಿ.

ಪಾರ್ಸ್ ಮಾಡುವಾಗಲೂ, ಅಂದರೆ ಪಠ್ಯವನ್ನು ದಿನಾಂಕವಾಗಿ ಓದಿಸುವಾಗಲೂ, ಇದೇ ಮಾದರಿ. ಟೈಮ್‌ಝೋನ್ ಇಲ್ಲದ ಪಠ್ಯವನ್ನು ಗೋ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಎಂದೇ ಓದುತ್ತದೆ. ಸ್ಥಳೀಯ ಸಮಯ ಬೇಕಿದ್ದರೆ ಪಾರ್ಸ್‌ಇನ್‌ಲೊಕೇಶನ್ (ParseInLocation) ಬಳಸಿ.